ಪಿಯುಸಿ ಮೇಲೆ ಸೇರಿದ ಹೂವಿನ ಸೀಸನ್ನು

ಚೆಂಡುಹೂವಿಗೆ ಎರಡು ವಾಸನೆ ಇದೆ. ಒಂದು ಎಲ್ಲರಿಗೂ ಗೊತ್ತಿರುವುದು, ಬಾಗಿಲ ತೋರಣದ್ದು, ಆಯುಧಪೂಜೆಯ ದಿನ ಬಸ್ಸಿನ ಮೂತಿಗೆ ಕಟ್ಟುವ ಹಾರದ್ದು. ಇನ್ನೊಂದು, ಅದೇ ಹೂವನ್ನು ಗುಂಡಿಗೆ ಸುರಿದು, ಮೇಲೆ ಟ್ರ್ಯಾಕ್ಟರ್ ಓಡಿಸಿ ತುಳಿಸಿ, ಗಾಳಿಯಾಡದ ಹಾಗೆ ಟಾರ್ಪಾಲು ಮುಚ್ಚಿ ವಾರಗಟ್ಟಲೆ ಬಿಟ್ಟಾಗ ಬರುವುದು. ಹುಳಿ ಹಿಟ್ಟು, ಹಸಿ ಹುಲ್ಲು, ಸ್ವಲ್ಪ ಹೆಂಡ, ಮೂರೂ ಸೇರಿದಂಥ ವಾಸನೆ. ಈ ಸಲ ದಸರಾ ಮುಗಿದ ಮೇಲೆ ನಂಜನಗೂಡಿನಿಂದ ನರಸೀಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಯಾರೋ ಹಬ್ಬದ ಹಾರಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ರಸ್ತೆಬದಿಗೆ ಎಸೆದಿದ್ದರು. ಮಳೆ ಬಿದ್ದು ಅದಕ್ಕೆ ಹುದುಗು ಬಂದಿತ್ತು. ಜನ ಹತ್ತಿಸಿಕೊಳ್ಳಲು ಬಸ್ಸು ಸರಿಯಾಗಿ ಅದರ ಪಕ್ಕವೇ ನಿಂತಿತು. ನನ್ನ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ, ಇದು ಇನ್ನೂ ಹದಕ್ಕೆ ಬಂದಿಲ್ಲ, ಅಂದುಕೊಂಡೆ. ಆಮೇಲೆ ನನಗೇ ನಗು ಬಂತು. ನರಸೀಪುರದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿರುವ ನನಗೆ ಈ ಜ್ಞಾನ ಎಲ್ಲಿಂದ ಬಂತೆಂದು ಪಕ್ಕದವರಿಗೆ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ.

ಆ ಜ್ಞಾನ ಬಂದ ವರ್ಷ ನಾನು ಬಿ.ಕಾಂ. ಮುಗಿಸಿ ಹುಲ್ಲಹಳ್ಳಿಯ ಮನೆಯಲ್ಲಿ ಕೂತಿದ್ದೆ. ಕೂತಿದ್ದಾಳೆ ಅನ್ನುವುದು ಮನೆಯವರ ಮಾತು. ನನ್ನ ಪ್ರಕಾರ ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಅಪ್ಪನದು ಬೂಸಾ, ಹಿಂಡಿ ಮಾರುವ ಅಂಗಡಿ. ಗಿರಾಕಿ ಬಂದಾಗಲೆಲ್ಲ, ಮಗಳು ಏನು ಮಾಡ್ತಾವಳೆ ಅನ್ನುವ ಪ್ರಶ್ನೆಯೂ ಬರುತ್ತಿತ್ತು. ಅಪ್ಪ ಮೊದಮೊದಲು ‘ಓದ್ತಾವಳೆ’ ಅನ್ನುತ್ತಿದ್ದವರು, ಬರಬರುತ್ತಾ ತಕ್ಕಡಿ ಕಡೆ ನೋಡಿಕೊಂಡು ‘ಅವಳೆ’ ಅನ್ನತೊಡಗಿದ್ದರು. ಇದ್ದಾಳೆ, ಅಷ್ಟೆ.

ಕಾಲೇಜಿನ ಕೊನೆಯ ವರ್ಷ ಮೈಸೂರಿನಿಂದ ಒಬ್ಬ ತಜ್ಞರು ಬಂದು ನಮ್ಮ ಭವಿಷ್ಯದ ಬಗ್ಗೆ ಮಾತಾಡಿದ್ದರು. ಇನ್ನು ಐದು ವರ್ಷಕ್ಕೆ ಎಲ್ಲಿರುತ್ತೀರಿ ಬರೆಯಿರಿ ಅಂದರು. ಸಂಬಳ ಬಂದ ದಿನವೇ ಉಳಿಸಬೇಕಾದ್ದನ್ನು ಎತ್ತಿಡಿ, ಆಮೇಲೆ ಖರ್ಚು ಮಾಡಿ ಅಂದರು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಬಯೋಡೇಟಾದಲ್ಲಿ ಖಾಲಿ ವರ್ಷ ಇರಬಾರದು, ಖಾಲಿ ವರ್ಷ ಕಂಡರೆ ಕಂಪನಿಯವರು ಅನುಮಾನ ಪಡುತ್ತಾರೆ ಅಂದರು. ಖಾಲಿ ವರ್ಷ ಬಾರದ ಹಾಗೆ ಏನು ಮಾಡಬೇಕು ಅನ್ನುವ ಹೊತ್ತಿಗೆ ಊಟದ ಬೆಲ್ ಆಯಿತು. ನಮ್ಮ ಕಡೆ ಪ್ಲಾನು ಅಂದರೆ ಮನೆ ಕಟ್ಟುವಾಗ ಪುರಸಭೆಗೆ ಕೊಡುವ ಕಾಗದ. ಜೀವನಕ್ಕೂ ಒಂದು ಬೇಕು ಅನ್ನುವುದು ನಾನು ಅವತ್ತೇ ಮೊದಲು ಕೇಳಿದ್ದು.

ಬಿಳಿಗೆರೆಯ ಪುಟ್ಟಮಾದಣ್ಣ ಅಪ್ಪನ ಅಂಗಡಿಯ ಗಿರಾಕಿ. ಎರಡು ಹಸು ಸಾಕಿದ್ದ, ಜೊತೆಗೆ ಫ್ಯಾಕ್ಟರಿಗಳಿಗೆ ಜನ ಸೇರಿಸುವ ಕಾಂಟ್ರಾಕ್ಟು ಮಾಡುತ್ತಿದ್ದ. ನಂಜನಗೂಡಿನ ಹೊರಗೆ ಚೆಂಡುಹೂವಿನಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆಗೆ ಆಷಾಢದಿಂದ ದೀಪಾವಳಿವರೆಗೆ ಜನ ಬೇಕಾಗುತ್ತಿತ್ತು. ಆ ಬಣ್ಣ ಕೋಳಿ ಮೇವಿಗೆ ಹೋಗುತ್ತದೆ, ಅದನ್ನು ತಿಂದರೆ ಮೊಟ್ಟೆಯ ಹಳದಿ ಇನ್ನಷ್ಟು ಹಳದಿಯಾಗುತ್ತದೆ ಎಂದು ಆಮೇಲೆ ತಿಳಿಯಿತು. ಅಪ್ಪ ನನ್ನ ವಿಷಯ ಎತ್ತಿದಾಗ ಪುಟ್ಟಮಾದಣ್ಣ ನನ್ನ ಕಡೆ ತಿರುಗಿದ.

‘ಡಿಗ್ರಿ ಆಗದಾ ಮಗ?’

‘ಆಗಿದೆ ಅಣ್ಣ. ಬಿ.ಕಾಂ., ಫಸ್ಟ್ ಕ್ಲಾಸು.’

‘ಅದ್ನ ಮನೇಲೇ ಮಡಗ್ಬುಟ್ಟು ಬಾ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ತಕಬಾ, ಸಾಕು. ಡಿಗ್ರಿ ಅಂದ್ರೆ ಕಂಪ್ನೀರು ಎದ್ರುಕತಾರೆ ಕಣವ್ವ. ಇವತ್ತು ಸೇರ್ಕಂಡು ನಾಳೆ ಪರೀಕ್ಸೆ ಅಂತ ಓಯ್ತಾರೆ, ಇಲ್ಲಾಂದ್ರೆ ರೂಲ್ಸ್ ಕೇಳ್ತಾರೆ ಅಂತ.’

ಮೂರು ವರ್ಷ ಓದಿ ಪಡೆದದ್ದನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಹೊರಟಾಗ ನನಗೆ ದುಃಖವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಮನೆಯಿಂದ ಹೊರಗೆ ಕಾಲಿಡುತ್ತಿದ್ದೇನೆ ಅನ್ನುವ ಸಮಾಧಾನವೇ ದೊಡ್ಡದಾಗಿತ್ತು.

ನನ್ನನ್ನು ವೇಬ್ರಿಡ್ಜಿಗೆ ಹಾಕಿದರು. ಹೂವಿನ ಗಾಡಿಗಳನ್ನು ತುಂಬಿದಾಗೊಮ್ಮೆ ಖಾಲಿಯಾದಾಗೊಮ್ಮೆ ತೂಗಿ ಚೀಟಿ ಕೊಡುವ ಕೆಲಸ. ಗುಂಡ್ಲುಪೇಟೆ ಕಡೆಯಿಂದ, ನಮ್ಮ ಹುಲ್ಲಹಳ್ಳಿ ಕಡೆಯಿಂದ ಟ್ರ್ಯಾಕ್ಟರು, ಗೂಡ್ಸ್ ಆಟೋ ಬರುತ್ತಲೇ ಇರುತ್ತಿದ್ದವು. ಮಳೆ ಬಂದ ದಿನ ಹೂವು ನೀರು ಕುಡಿದು ತೂಕ ಹೆಚ್ಚುತ್ತಿತ್ತು. ಅದಕ್ಕೆ ಕಂಪನಿ ಒಂದಿಷ್ಟು ಮುರಿದುಕೊಳ್ಳುತ್ತಿತ್ತು. ಮಳೆ ಮಾಡಿದ್ದು ನಾನೇ ಅನ್ನುವ ಹಾಗೆ ರೈತರು ನನ್ನ ಜೊತೆ ಜಗಳಕ್ಕೆ ಬೀಳುತ್ತಿದ್ದರು. ಆ ವರ್ಷ ಮಳೆಯೂ ಬಿಡುವು ಕೊಡಲಿಲ್ಲ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟು ಕಪಿಲೆ ತುಂಬಿ, ಸ್ನಾನಘಟ್ಟದ ಮೆಟ್ಟಿಲುಗಳೆಲ್ಲ ಮುಳುಗಿದ್ದವು. ಯಾರ್ಡಿನಲ್ಲಿ ಹೂವು ಕೊಳೆಹಾಕಿದ ಗುಂಡಿಗಳಿಂದ ಕಂದು ರಸ ಒಸರಿ ಮಳೆನೀರಿಗೆ ಸೇರಿ ನಾವು ನಡೆಯುವ ದಾರಿಯೆಲ್ಲ ಜಾರುತ್ತಿತ್ತು. ಹೂವಿನ ನಡುವಿನ ಕಡ್ಡಿ, ಎಲೆ, ಕಸ ಆರಿಸುವ ಲೈನಿನವರ ಕೈ ಉಗುರಿನ ಸಂದಿಯವರೆಗೂ ಹಳದಿ. ಪೇಟೆಯಲ್ಲಿ ಕೈ ಚಾಚಿದರೆ ಸಾಕು, ಅಂಗಡಿಯವರು ‘ಹೂವಿನ ಫ್ಯಾಕ್ಟ್ರೀರಾ’ ಅನ್ನುತ್ತಿದ್ದರು. ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಅದೊಂದು ಅನುಕೂಲ.

ಸುಜಾತ ಆ ಲೈನಿನಲ್ಲಿದ್ದಳು. ನರಸೀಪುರದ ಹತ್ತಿರದ ಹಳ್ಳಿಯವಳು, ಅಲ್ಲಿನ ಕಾಲೇಜಿನಲ್ಲೇ ಬಿ.ಎಸ್ಸಿ. ಮಾಡಿದ್ದಳು. ಅಪ್ಪ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವರು. ಮನೆಯಲ್ಲಿ ಬುದ್ಧಪೂರ್ಣಿಮೆಗೆ ಪಾಯಸ ಮಾಡುವವರು. ನಾನು ದಿನಾ ಓಡಾಡುವುದು ಕಷ್ಟವೆಂದು ರೂಮು ಹುಡುಕುತ್ತಿದ್ದೆ, ಅವಳೂ ಹುಡುಕುತ್ತಿದ್ದಳು, ಒಟ್ಟಿಗೆ ಹುಡುಕಿದೆವು. ಮೊದಲ ಮನೆಯ ಯಜಮಾನಿ ಬಾಡಿಗೆ, ನೀರು, ಕರೆಂಟು ಎಲ್ಲ ಹೇಳಿ ಮುಗಿಸಿ ಕೊನೆಗೆ, ‘ನೀವ್ಯಾವ ಪೈಕಿ ಮಗ?’ ಅಂದರು. ನನ್ನ ಹಣೆಯ ವಿಭೂತಿ ನೋಡಿ ನನ್ನನ್ನು ಕೇಳುವ ಅಗತ್ಯ ಅವರಿಗೆ ಇರಲಿಲ್ಲ. ಸುಜಾತ ಹೇಳಿದಳು. ಅವರು, ರೂಮಿಗೆ ಅವರ ತಮ್ಮನ ಮಗ ಬರುವ ಹಾಗಿದೆಯೆಂದು ಆಗ ನೆನಪು ಮಾಡಿಕೊಂಡರು. ಬೀದಿಗೆ ಬಂದ ಮೇಲೆ ನಾನು, ಮುಂದಿನ ಮನೇಲಿ ನಾನೇ ಮಾತಾಡ್ತೀನಿ, ನೀನು ಸುಮ್ಮನಿರು ಅಂದೆ.

‘ಡಿಗ್ರಿ ಬಚ್ಚಿಡು ಅಂದ್ರು, ಬಚ್ಚಿಟ್ಟೆ. ಇದ್ನೂ ಬಚ್ಚಿಡು ಅಂದ್ರೆ ಆಗಾಕಿಲ್ಲ ಕಣೆ ಸೌಮ್ಯ,’ ಅಂದಳು. ಸಿಟ್ಟಿನಿಂದೇನೂ ಹೇಳಲಿಲ್ಲ. ಮೂರನೆಯ ಮನೆ ಸಿಕ್ಕಿತು. ಅಲ್ಲಿನ ಅಜ್ಜಿ ಕೇಳಿದ್ದು ಒಂದೇ, ಹುಡುಗರು ಬರುತ್ತಾರಾ ಎಂದು.

ಯಾರ್ಡಿಗೆ ಸೇರಿ ವಾರ ಕಳೆಯುವುದರೊಳಗೆ ನಮಗೆ ಗೊತ್ತಾದದ್ದು, ಮನೆಯಲ್ಲಿ ಡಿಗ್ರಿ ಇಟ್ಟು ಬಂದವರು ನಾವಿಬ್ಬರೇ ಅಲ್ಲ ಅಂತ. ಲೈನಿನಲ್ಲಿ ಅರ್ಧಕ್ಕರ್ಧ ಜನ ಪದವೀಧರರು. ಗೊತ್ತಾದ ಬಗೆಯೂ ತಮಾಷೆಯಾಗಿತ್ತು. ಅವರು ಒಬ್ಬರನ್ನೊಬ್ಬರು ಓದಿದ ವಿಷಯದ ಹೆಸರಿನಿಂದ ಕರೆಯುತ್ತಿದ್ದರು. ಹದಿನಾರು ಎಂಬ ಊರಿನ ನಾಗೇಂದ್ರ ಬಿ.ಎ., ಅವನು ಹಿಸ್ಟರಿ. ‘ಲೇ ಹಿಸ್ಟ್ರಿ, ಬುಟ್ಟಿ ಇತ್ಲಾಗ್ ತಳ್ಳು ಕಣ್ಲಾ.’ ‘ಎಕನಾಮಿಕ್ಸು ಇವತ್ತು ಬಂದಿಲ್ವಾ?’ ‘ಮದ್ವೆ ಅಂತೆ, ನಾಳಿಕ್ ಬತ್ತಾಳೆ.’ ಸುಜಾತ ಬಂದ ಮೇಲೆ ಲೈನಿಗೆ ಕೆಮಿಸ್ಟ್ರಿಯೂ ಸಿಕ್ಕಿತು. ಆಫೀಸಿನ ಎಚ್.ಆರ್. ಕಿರಣ್ ಸರ್ ಆ ಕಡೆ ಸುತ್ತು ಬಂದರೆ ಎಲ್ಲರೂ ತಟ್ಟನೆ ನಾಗೇಂದ್ರ, ಸುಜಾತ, ಶಶಿಕಲಾ ಆಗಿಬಿಡುತ್ತಿದ್ದರು. ಅವರು ಅತ್ತ ಹೋದ ಮೇಲೆ ಮತ್ತೆ ಇಡೀ ಸಿಲಬಸ್ಸು ವಾಪಸು ಬರುತ್ತಿತ್ತು.

ಶಿಫ್ಟ್ ಮುಗಿದ ಸಂಜೆ ಕೆಲವೊಮ್ಮೆ ಅಜ್ಜಿಯ ಕಣ್ಣೆದುರಿಗೇ ಜಗುಲಿಯ ಮೇಲೆ ಮೂರ್ನಾಲ್ಕು ಜನ ಸೇರುತ್ತಿದ್ದೆವು. ನಾನು ಬಿ.ಕಾಂ. ಆದ್ದರಿಂದ ಹಣದ ಮಾತಿಗೆ ನಾನೇ ಗುರು. ಪಿ.ಎಫ್. ಕಟ್ ಆಗಿದೆ ಎಂದು ನಾಗೇಂದ್ರ ಪುಟ್ಟಮಾದಣ್ಣನ ಮೇಲೆ ಹಾರಾಡಿದಾಗ, ಅದು ನಿನ್ನ ದುಡ್ಡೇ, ಎಲ್ಲಿಗೆ ಹೋದರೂ ಆ ನಂಬರು ನಿನ್ನ ಹಿಂದೆಯೇ ಬರುತ್ತದೆ ಎಂದು ಬಿಡಿಸಿ ಹೇಳಿದೆ. ‘ನನ್ ಮಗೀನ್ ಔಷ್ದಿಗೆ ಈಗ್ ಬೇಕು, ಅದು ಇಂದ್ಗಡೆ ಬಂದ್ರೆ ಏನ್ ಬಂತು?’ ಅಂದ. ಅವನಿಗೆ ಆಗ ತಾನೇ ಮಗು ಹುಟ್ಟಿತ್ತು. ಚೀಟಿ ಹಾಕುವುದು ಒಳ್ಳೆಯದಾ, ಚಿನ್ನ ತೆಗೆಯುವುದು ಒಳ್ಳೆಯದಾ, ತಿಂಗಳಿಗಿಷ್ಟು ಎಂದು ಮ್ಯೂಚುವಲ್ ಫಂಡಿಗೆ ಹಾಕುವುದು ಒಳ್ಳೆಯದಾ ಎಂದು ವಾದ ನಡೆಯುತ್ತಿತ್ತು. ಸಂಬಳ ನೋಡಿದರೆ ಮೂರಕ್ಕೂ ಅಷ್ಟು ಜಾಗ ಇರಲಿಲ್ಲ. ಆದರೆ ವಾದಕ್ಕೆ ಸಂಬಳ ಅಡ್ಡಿಯಾಗಲಿಲ್ಲ.

ಸುಜಾತ ಮಾತ್ರ ಈ ವಾದಕ್ಕೆ ಬರುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದು ಲ್ಯಾಬಿನ ಕೆಲಸ. ಭವಿಷ್ಯದ ತಜ್ಞರು ಅವಳ ಕಾಲೇಜಿಗೂ ಬಂದಿದ್ದರು, ಅದೇ ಜೋಕುಗಳನ್ನು ಅದೇ ಸರದಿಯಲ್ಲಿ ಹೇಳಿದ್ದರು. ಐದು ವರ್ಷದ ಪ್ರಶ್ನೆಗೆ ಅವಳು ಕೆಮಿಸ್ಟ್ ಎಂದು ಒಂದೇ ಪದ ಬರೆದಿದ್ದಳಂತೆ. ಪಾಸಾದ ಮೇಲೆ ಒಂದು ವರ್ಷ ಸರ್ಕಾರಿ ಪರೀಕ್ಷೆಯೊಂದಕ್ಕೆ ಓದಿದಳು. ಅದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವಳಿಗೆ ಒಂದು ಸತ್ಯ ಗೊತ್ತಾಗಿತ್ತು. ಲ್ಯಾಬುಗಳಿಗೆ ಹೊಸಬರನ್ನು ತೆಗೆದುಕೊಳ್ಳುವ ಕಂಪನಿಗಳು ಈ ವರ್ಷ ಅಥವಾ ಹೋದ ವರ್ಷ ಪಾಸಾದವರನ್ನೇ ಕೇಳುತ್ತವೆ. ಅವಳದು ಹೋದ ವರ್ಷದ್ದು. ಮುಂದಿನ ಬೇಸಿಗೆಗೆ ಹೊಸ ಬ್ಯಾಚಿನ ರಿಸಲ್ಟ್ ಬಂದರೆ ಅವಳ ಡಿಗ್ರಿ ಹಳೆಯದಾಗುತ್ತದೆ. ಆಮೇಲೆ ಅನುಭವ ಇದ್ದವರನ್ನು ಮಾತ್ರ ಕೇಳುತ್ತಾರೆ, ಅನುಭವ ಕೊಡುವವರು ಯಾರೂ ಇರುವುದಿಲ್ಲ. ‘ಆಲಿನ್ ಪ್ಯಾಕೆಟ್ ಮೇಲೆ ಡೇಟ್ ಇರ್ತದಲ್ಲ, ಅಂಗೆ ನನ್ದು,’ ಎಂದು ನಗುತ್ತಿದ್ದಳು. ಯಾರ್ಡಿನ ಆಚೆ ಬದಿ ಬಿಳಿ ಬಣ್ಣದ ಲ್ಯಾಬಿತ್ತು. ಕಸ ಆರಿಸುವಾಗ ಅವಳು ಕೂರುತ್ತಿದ್ದ ಜಾಗದಿಂದ ಅದರ ಕಿಟಕಿ ಕಾಣುತ್ತಿತ್ತು. ಬೇಕೆಂದೇ ಆ ಜಾಗ ಹಿಡಿಯುತ್ತಿದ್ದಳು.

ಗೌರಿಗಣೇಶ ಕಳೆದು ಪಿತೃಪಕ್ಷ ಬಂದಿತ್ತು. ಗೇಟಿನ ಬೋರ್ಡಿನಲ್ಲಿ ಒಂದು ನೋಟೀಸು ಅಂಟಿಸಿದರು. ಲ್ಯಾಬಿಗೆ ಟ್ರೇನಿ ಕೆಮಿಸ್ಟ್ ಬೇಕಾಗಿದ್ದಾರೆ, ಬಿ.ಎಸ್ಸಿ. ಕೆಮಿಸ್ಟ್ರಿ, ಈ ವರ್ಷ ಅಥವಾ ಹೋದ ವರ್ಷ ಪಾಸಾಗಿರಬೇಕು. ಇಂಟರ್ವ್ಯೂ ಮುಂದಿನ ಸೋಮವಾರ.

ಸೋಮವಾರ ಸುಜಾತಳ ರಜೆಯ ದಿನ. ನೋಟೀಸು ನೋಡಿದ ಸಂಜೆಯೇ ಅವಳು ಊರಿಗೆ ಹೋಗಿ ಡಿಗ್ರಿ ತಂದಳು.

ಸುದ್ದಿ ಲೈನಿಗೆ ಗೊತ್ತಾದ ಮೇಲೆ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ಪುಟ್ಟಮಾದಣ್ಣನೇ ಬಂದ. ನಾನೂ ಅಲ್ಲಿದ್ದೆ.

‘ಅಲ್ಲ ಕಣವ್ವ, ನೀನ್ ಓಗಿ ನಾನ್ ಬಿಯೆಸ್ಸಿ ಅಂದ್ರೆ, ಪಿಯುಸಿ ಅಂತ ಸೈನ್ ಆಕಿದ್ಯಲ್ಲ, ಅದೇನು ಅಂತಾರೆ. ಆಮೇಲಿಕೆ ನಿನ್ನೊಬ್ಳನ್ನೇ ಕೇಳ್ತಾರಾ? ಒಬ್ಬೊಬ್ರನ್ನೇ ನಿಲ್ಸಿ ಕೇಳ್ತಾರೆ. ಇಷ್ಟೂ ಜನ ಓಯ್ತಾರೆ. ನನ್ ಕಾಂಟ್ರಾಕ್ಟೂ ಓಯ್ತದೆ.’

ಸುಜಾತ ರಾಗಿಮುದ್ದೆ ಮುರಿಯುತ್ತಾ ಕೂತಿದ್ದಳು. ನಾಗೇಂದ್ರ ಎದ್ದು ಬಂದು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ‘ದೀಪಾವಳಿ ಗಂಟ ತಡ್ಕೊ ಸುಜಾತ. ಸೀಜನ್ ಮುಗೀಲಿ. ನನ್ ಮನೆ ಪರಿಸ್ತಿತಿ ನಿಂಗ್ ಗೊತ್ತಲ್ಲ,’ ಅಂದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ನನಗೆ ವಿಚಿತ್ರವಾಗಿ ಕೇಳಿಸಿತು, ಅಲ್ಲಿ ಆಗ ಆಫೀಸಿನವರು ಯಾರೂ ಇರಲಿಲ್ಲ.

‘ದೀಪಾವಳಿ ಗಂಟ ಅವ್ರು ತಡೀತಾರಾ ಅಣ್ಣ?’ ಅಂದಳು ಸುಜಾತ.

ಒಂದು ಉಪಾಯವನ್ನು ಕೊನೆಗೆ ಪುಟ್ಟಮಾದಣ್ಣನೇ ಹುಡುಕಿದ. ಸುಜಾತ ಇಂಟರ್ವ್ಯೂಗೆ ಹೋಗಲಿ, ಆದರೆ ಹೊರಗಿನವಳಾಗಿ ಹೋಗಲಿ. ಇಷ್ಟು ದಿನ ಎಲ್ಲಿದ್ದೆ ಅಂದರೆ ಮನೆಯಲ್ಲಿದ್ದೆ, ಓದುತ್ತಿದ್ದೆ ಅನ್ನಲಿ. ಯಾರ್ಡಿನಲ್ಲಿ ಎಲ್ಲರೂ ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡಿರುತ್ತಾರೆ, ಆಫೀಸಿನವರಿಗೆ ಕಾಣುವುದು ಬರೀ ಕಣ್ಣು, ಯಾರಿಗೂ ಗುರುತು ಸಿಗುವುದಿಲ್ಲ. ಕೆಲಸ ಸಿಕ್ಕಿದರೆ ಅವಳ ಟೋಕನ್ನನ್ನು, ಅಂದರೆ ಕೂಲಿಯ ಹಾಜರಿ ನಂಬರನ್ನು, ಅವನು ಸದ್ದಿಲ್ಲದೆ ಬಿಡಿಸುತ್ತಾನೆ. ಪಿ.ಎಫ್. ನಂಬರಿನಿಂದ ಮುಂದೆ ಗೊತ್ತಾಗಬಹುದು ಅಂದೆ. ‘ಅದ್ನ ಯಾರ್ ನೋಡಾರು ಬುಡು,’ ಅಂದ. ನಾನೂ ಇದೇ ಸರಿ ಎಂದು ಸುಜಾತಳಿಗೆ ಹೇಳಿದೆ. ಯಾರಿಗೂ ತೊಂದರೆ ಇಲ್ಲ, ಅವಳಿಗೂ ಕೆಲಸ. ಅವಳು ಒಪ್ಪಿದಳು. ಡಿಗ್ರಿ ಮುಚ್ಚಿಟ್ಟು ಕೂಲಿ ಹಿಡಿದದ್ದಾಯಿತು, ಈಗ ಕೂಲಿ ಮುಚ್ಚಿಟ್ಟು ಡಿಗ್ರಿ ತೋರಿಸುವುದು, ಎರಡನ್ನೂ ಒಟ್ಟಿಗೆ ತೋರಿಸಬಾರದು ಅಷ್ಟೆ ಎಂದು ನಕ್ಕಳು. ನಾಗೇಂದ್ರನ ಮುಖಕ್ಕೆ ಕಳೆ ಬಂತು.

ಭಾನುವಾರ ಸಂಜೆ ಅವಳ ಕೈಯ ಬಣ್ಣ ತೆಗೆಯಲು ಕೂತೆವು. ಅಜ್ಜಿ ನಿಂಬೆಹಣ್ಣು ಕೊಟ್ಟರು, ಅದು ಏನೂ ಮಾಡಲಿಲ್ಲ. ಈ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ ಎಂದು ಸುಜಾತ ಹೇಳಿ, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕು ಅಂದಳು. ನಾನು ತಿಕ್ಕುತ್ತಾ ಹೋದ ಹಾಗೆ ಎಣ್ಣೆ ಹಳದಿಯಾಗಿ ಅವಳ ಬೆರಳು ಬೆಳ್ಳಗಾಗತೊಡಗಿತು. ಉಗುರಿನ ಬುಡದಲ್ಲಿ ಮಾತ್ರ ಸ್ವಲ್ಪ ಉಳಿಯಿತು. ‘ಮದುವಣಗಿತ್ತಿಗೆ ಅರಿಸಿನ ಬಿಡಿಸಿದಂಗೆ ಆಯ್ತಲ್ರವ್ವ,’ ಎಂದು ಅಜ್ಜಿ ಬಾಗಿಲಲ್ಲಿ ನಿಂತು ನಕ್ಕರು. ಅಷ್ಟು ಹೊತ್ತೂ ಸುಜಾತ ಹೇಳಬೇಕಾದ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಕೆಮಿಸ್ಟ್ರಿಯ ಉತ್ತರಗಳು ಸಲೀಸಾಗಿ ಬರುತ್ತಿದ್ದವು. ‘ಮನೇಲಿದ್ದೆ ಸರ್, ಎಕ್ಸಾಂಗೆ ಓದ್ತಿದ್ದೆ’ ಅನ್ನುವಲ್ಲಿ ಮಾತ್ರ ತಡವರಿಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ನಾನು ವೇಬ್ರಿಡ್ಜಿನ ಕಿಟಕಿಯಲ್ಲಿದ್ದೆ. ನಾವು ಕೆಲಸದವರು ಬರುವುದು ಹಿಂದಿನ ಗೇಟಿನಿಂದ. ಅವತ್ತು ಅವಳು ಮುಂದಿನ ಗೇಟಿನಿಂದ ಬಂದಳು. ನೀಲಿ ಚೂಡಿದಾರ, ಇಸ್ತ್ರಿ ಮಾಡಿದ ವೇಲು, ಎದೆಗವಚಿದ ಫೈಲು. ದಿನಾ ಹಿಂದಿನ ಗೇಟಿನಲ್ಲಿ ಅವಳ ಊಟದ ಡಬ್ಬಿ ತೆಗೆಸಿ ನೋಡುವ, ಶಿಫ್ಟಿನ ಹೊತ್ತು ಕಳೆದ ಮೇಲೆ ಮುಂದಿನ ಗೇಟಿಗೆ ಬರುವ ಸೆಕ್ಯೂರಿಟಿಯವನು ಎದ್ದು ನಿಂತು, ‘ಬನ್ನಿ ಮೇಡಂ, ಲೆಫ್ಟಿಗ್ ಓಗಿ’ ಅಂದ. ಯಾರಿಗೂ ಗುರುತು ಸಿಗುವುದಿಲ್ಲ ಅನ್ನುವ ಪುಟ್ಟಮಾದಣ್ಣನ ಮಾತು ನಿಜವಾಯಿತು. ನನಗೆ ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ.

ಮಧ್ಯಾಹ್ನ ಅವಳು ಹೊರಗೆ ಬಂದು ವೇಬ್ರಿಡ್ಜಿನ ಮುಂದೆಯೇ ಹಾದುಹೋದಳು. ಕಣ್ಣಲ್ಲಿ, ಆಮೇಲೆ ಸಿಗು, ಅಂದಳು. ಐದಕ್ಕೆ ಶಿಫ್ಟ್ ಮುಗಿಸಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದೆ. ಎರಡು ಮಸಾಲೆದೋಸೆ ಹೇಳಿ ಕಾದಿದ್ದಳು.

‘ಎಲ್ಲಾ ಚೆನ್ನಾಗೇ ಹೋಯ್ತು ಕಣೆ,’ ಎಂದು ಶುರು ಮಾಡಿದಳು. ‘ಕಿರಣ್ ಸರ್, ಲ್ಯಾಬಿನ ವೀಣಾ ಮೇಡಂ, ಇಬ್ರೇ. ಟೈಟ್ರೇಷನ್ ಕೇಳಿದ್ರು, ಹೇಳ್ದೆ. ಒಂದು ವರ್ಷ ಗ್ಯಾಪ್ ಇದ್ಯಲ್ಲ ಅಂದ್ರು. ಎಕ್ಸಾಂಗೆ ಓದ್ತಿದ್ದೆ ಸರ್ ಅಂದೆ. ಅದೂ ಸುಳ್ಳಲ್ವಲ್ಲ, ಓದ್ತಾನೇ ಇದ್ನಲ್ಲ. ಮೇಡಂ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಆಯ್ತು ಅಂತ. ಕೊನೇಲಿ ಅವ್ರು, ಒಂದೇ ಯೋಚ್ನೆ ನಂಗೆ, ಅಂದ್ರು. ಸ್ಯಾಂಪಲ್ ತರೋಕೆ ಯಾರ್ಡಿಗೆ ಹೋಗ್ಬೇಕು, ಆ ವಾಸ್ನೆ ತಡ್ಕೊಳಕಾಗ್ದೆ ಹುಡ್ಗೀರು ವಾರಕ್ಕೆ ಬಿಟ್ಟೋಗ್ತಾರೆ, ನೀವು ಇರ್ತೀರಾ, ಅಂದ್ರು.’

ಅವಳು ನೀರು ಕುಡಿದಳು.

‘ಒಳ್ಳೇದಕ್ಕೇ ಕೇಳಿದ್ರು ಪಾಪ. ಇರ್ತೀನಿ ಮೇಡಂ ಅಂದ್ರೆ ಮುಗಿದೋಗ್ತಿತ್ತು. ನಂಗೆ ನಗು ಬಂದ್ಬುಡ್ತು ಕಣೆ. ಆಷಾಢದಿಂದ ಅಲ್ಲೇ ಇದೀನಿ ಮೇಡಂ, ಎರಡನೇ ಗುಂಡಿ ಹತ್ರ ಕಸ ಆರಿಸ್ತೀನಿ, ಅಂದ್ಬುಟ್ಟೆ.’

ವೀಣಾ ಮೇಡಂ ತಮಾಷೆ ಎಂದುಕೊಂಡು ನಕ್ಕರಂತೆ. ಕಿರಣ್ ಸರ್ ನಗಲಿಲ್ಲ. ‘ನೀವಾ? ನಾನು ದಿನಾ ಆ ಕಡೆ ಬರ್ತೀನಿ, ನೋಡೇ ಇಲ್ವಲ್ಲ’ ಅಂದರಂತೆ. ಆಗ ಇವಳು ಇಸ್ತ್ರಿ ಮಾಡಿದ ವೇಲನ್ನು ತಲೆಗೆ ಸುತ್ತಿ, ಮೂಗು ಬಾಯಿ ಮುಚ್ಚಿ, ಹಿಂದೆ ಗಂಟು ಹಾಕಿ ಅವರ ಕಡೆ ತಿರುಗಿದಳು. ‘ಓ, ನೀವು!’ ಅಂದರಂತೆ ಅವರು. ಮುಖ ಮುಚ್ಚಿದ ಮೇಲೆಯೇ ಅವರಿಗೆ ಗುರುತು ಸಿಕ್ಕಿದ್ದು.

ಆಮೇಲಿನದನ್ನು ಅವಳು ಬೇಗ ಬೇಗ ಹೇಳಿದಳು. ಕಿರಣ್ ಸರ್ ಫೈಲು ಮುಚ್ಚಿದರು. ಇದು ಸುಳ್ಳು ಮಾಹಿತಿ, ಕಂಪನಿ ರೂಲ್ಸ್ ಪ್ರಕಾರ ಇಂಥವರನ್ನು ತೆಗೆದುಕೊಳ್ಳುವ ಹಾಗಿಲ್ಲ, ಈಗಿರುವ ಟೋಕನ್ನೂ ರದ್ದಾಗುತ್ತದೆ ಅಂದರು. ವೀಣಾ ಮೇಡಂ, ‘ಇಲ್ದೇ ಇರೋ ಡಿಗ್ರಿ ಇದೆ ಅಂದೋರನ್ನ ನೋಡಿದೀನಿ ಕಿರಣ್, ಇರೋದನ್ನ ಇಲ್ಲ ಅಂದ್ರೂ ತಪ್ಪಾ?’ ಎಂದು ಕೇಳಿದರು. ರೂಲ್ಸು ಎರಡಕ್ಕೂ ಒಂದೇ ಮೇಡಂ, ಅಂದರು ಅವರು. ಮತ್ತೆ ಸುಜಾತಳ ಕಡೆ ತಿರುಗಿ, ‘ನಿಮ್ಮ ಲೈನಲ್ಲಿ ಡಿಗ್ರಿ ಆದೋರು ಇನ್ನೂ ಯಾರಾದ್ರೂ ಇದಾರಾ?’ ಎಂದರು.

‘ಏನಂದೆ?’ ಅಂದೆ.

‘ನನ್ ವಿಷ್ಯ ಕೇಳಿ ಸರ್ ಹೇಳ್ತೀನಿ, ಬೇರೇವ್ರುದು ನಂಗ್ಯಾಕೆ, ಅಂದೆ. ಅವ್ರೂ ಮತ್ತೆ ಕೇಳ್ಲಿಲ್ಲ. ಕೇಳ್ದಿದ್ರೇ ವಾಸಿ ಅನ್ನಂಗಿತ್ತು ಅವ್ರ ಮುಖ. ಸೀಸನ್ ಮಧ್ಯ ಇಷ್ಟೂ ಜನ್ರನ್ನ ಕಳಿಸ್ಬುಟ್ರೆ ಗುಂಡಿ ತುಂಬೋರ್ ಯಾರು?’

‘ಆಮೇಲೆ?’

‘ಮುಂದಿನ್ ವರ್ಷ ಅಪ್ಲೈ ಮಾಡಿ, ನೋಡೋಣ ಅಂದ್ರು. ಮುಂದಿನ್ ವರ್ಷಕ್ಕೆ ನನ್ ಡಿಗ್ರಿ ಹಳೇದಾಗ್ತದೆ ಸರ್, ನೀವೇ ತಗೊಳಲ್ಲ, ಅಂದೆ. ಹೌದಲ್ವಾ, ಅಂದ್ರು. ಆಮೇಲೆ ಬಾಗ್ಲು ಗಂಟ ಬಂದು, ಮೆತ್ತಗೆ, ಬೇಜಾರ್ ಮಾಡ್ಕೋಬೇಡಿ ಸುಜಾತ, ಮುಂದಿನ ಸೀಸನ್‌ಗೆ ಬನ್ನಿ, ಪಿಯುಸಿ ಮೇಲೆ ತಗೋತೀವಿ, ಅಂದ್ರು.’

ನನಗೆ ಬಂದ ಸಿಟ್ಟಿಗೆ ದೋಸೆಯ ತಟ್ಟೆ ಆಚೆ ತಳ್ಳಿದೆ. ಆ ಮನುಷ್ಯ ಕೆಟ್ಟವರಲ್ಲ. ಅದನ್ನು ಅವರು ಕನಿಕರದಿಂದಲೇ ಹೇಳಿದ್ದರು, ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ನೀನಾದರೂ ಒಂದು ಗಳಿಗೆ ಸುಮ್ಮನಿರಬಾರದಿತ್ತಾ, ಕೈಗೆ ಬಂದ ಕೆಲಸ, ಎಂದು ಅವಳ ಮೇಲೂ ರೇಗಿದೆ.

‘ಬಾಯಿಗೆ ಬರ್ಲಿಲ್ಲ ಕಣೆ. ಆ ವಾಸ್ನೇಲಿ ಮೈಯೆಲ್ಲಾ ಅದ್ಕೊಂಡು ಇದೀನಿ, ಆ ವಾಸ್ನೆ ತಡೀತೀಯಾ ಅಂತ ಕೇಳ್ತಾವ್ರೆ. ಮನೇಲಿದ್ದೆ ಅಂದ್ರೆ, ಇಷ್ಟ್ ದಿನ ಇಲ್ಲಿದ್ದೋಳ್ ಯಾರು?’

ಅವಳು ದೋಸೆ ಪೂರ್ತಿ ತಿಂದಳು. ಕೈ ತೊಳೆಯಲು ಹೋದವಳು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ನಾನು ಹೋಗಿ ನೋಡಿದರೆ ಅಳುತ್ತಿದ್ದಳು. ಹೋಟೆಲಿನ ಹುಡುಗ, ನೀರು ನಿಲ್ಲಿಸಿ ಅಕ್ಕ, ಅಂದ. ನಾನು ನಿಲ್ಲಿಸಿದೆ.

ಮರುದಿನ ಅವಳು ನರಸೀಪುರದ ಬಸ್ಸು ಹತ್ತಿದಳು. ನಾನು ಯಾರ್ಡಿಗೆ ಹೋದೆ. ಲೈನಿನವರೆಲ್ಲ ಈಗ ಕರೆಯುತ್ತಾರೆ, ಆಗ ಕರೆಯುತ್ತಾರೆ ಎಂದು ಆಫೀಸಿನ ಕಡೆಯೇ ನೋಡುತ್ತಿದ್ದರು. ಯಾರೂ ಕರೆಯಲಿಲ್ಲ. ಕಿರಣ್ ಸರ್ ಎಂದಿನಂತೆ ಸುತ್ತು ಬಂದು, ಎಂದಿನಂತೆ ಹೋದರು. ಮಧ್ಯಾಹ್ನ ನಾಗೇಂದ್ರ ವೇಬ್ರಿಡ್ಜಿನ ಹತ್ತಿರ ಬಂದು ನಿಂತ.

‘ನಮ್ಮೆಸ್ರು ಯೋಳ್ನಿಲ್ವಾ ಅವ್ಳು?’

‘ಇಲ್ಲ.’

‘ತಡ್ಕೊ ಅಂದಿದ್ನಲ್ಲ ನಾನು, ಅವ್ಳಿಗೆ ಅಂಗ್ ಅನ್ಬಾರ್ದಿತ್ತು,’ ಅಂದ. ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಹೊಡೆಯುತ್ತಿದ್ದ. ಅವನು ದಾರಿ ಬಿಟ್ಟು ಹೋದ. ಅವಳು ಕೂರುತ್ತಿದ್ದ ಜಾಗದಲ್ಲಿ ಮರುದಿನದಿಂದ ಪುಟ್ಟಮಾದಣ್ಣ ಕರೆತಂದ ಹೊಸ ಹುಡುಗಿ ಕೂತಳು. ಅವಳದು ಕನ್ನಡ ಐಚ್ಛಿಕ.

ಸೀಸನ್ ಮುಗಿಯುವವರೆಗೆ ನಾನು ಅಲ್ಲೇ ಇದ್ದೆ. ಆಯುಧಪೂಜೆಗೆ ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ ಹಾಕಿದರು. ಆ ಹಾರ ಪೇಟೆಯಿಂದ ದುಡ್ಡು ಕೊಟ್ಟು ತಂದದ್ದು, ಯಾಕೆಂದರೆ ಯಾರ್ಡಿನಲ್ಲಿ ಬೆಟ್ಟದಷ್ಟು ಬಿದ್ದಿದ್ದ ಹೂವು ಹೂವಲ್ಲ, ಕಚ್ಚಾ ಮಾಲು. ತೂಕದ ಚೀಟಿಯಿಲ್ಲದೆ ಅದರ ಒಂದು ಎಸಳನ್ನೂ ಎತ್ತುವ ಹಾಗಿರಲಿಲ್ಲ, ಚೀಟಿ ಬರೆಯುವವಳು ನಾನೇ. ಲ್ಯಾಬಿಗೆ ಮೈಸೂರಿನಿಂದ ಒಬ್ಬ ಹುಡುಗ ಬಂದು ಸೇರಿದ. ಒಳ್ಳೆಯವನು, ವಾಸನೆಗೆ ಹೆದರಿ ಓಡಿಹೋಗಲಿಲ್ಲ. ವೀಣಾ ಮೇಡಂ ಒಂದು ದಿನ ವೇಬ್ರಿಡ್ಜಿಗೆ ಬಂದು, ಸುಜಾತ ಏನು ಮಾಡುತ್ತಿದ್ದಾಳೆ ಎಂದು ಕೇಳಿದರು. ಹುಡುಕ್ತಿದಾಳೆ ಮೇಡಂ, ಅಂದೆ. ಅವರು ಅವಳಿಗಾಗಿ ಎಲ್ಲಾದರೂ ಒಂದು ಮಾತು ಹೇಳಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಸುಜಾತ ಸುಮ್ಮನೆ ಕೂರಲಿಲ್ಲ. ಆ ಚಳಿಗಾಲವೆಲ್ಲ ಮೈಸೂರು, ನಂಜನಗೂಡು ಎಂದು ಇಂಟರ್ವ್ಯೂಗೆ ಓಡಾಡಿದಳು. ಎಲ್ಲ ಕಡೆಯೂ ಗ್ಯಾಪಿನ ಪ್ರಶ್ನೆ ಬಂತು. ಎಲ್ಲ ಕಡೆಯೂ ಹೂವಿನ ಯಾರ್ಡಿನಲ್ಲಿ ಕೂಲಿ ಮಾಡುತ್ತಿದ್ದೆ ಎಂದೇ ಹೇಳಿದಳು. ತಿಳಿಸುತ್ತೇವೆ ಅಂದವರು ತಿಳಿಸಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಎರಡನೆಯ ಇಂಟರ್ವ್ಯೂಗೇ ಮಾತು ಬದಲಾಯಿಸುತ್ತಿದ್ದೆ. ಫೋನಿನಲ್ಲಿ ಹಾಗೆಂದು ಅವಳಿಗೆ ಹೇಳಿದೆ ಕೂಡ. ಅವಳು ಊಟ ಆಯ್ತಾ ಎಂದು ಕೇಳಿದಳು. ಸಂಕ್ರಾಂತಿ ಕಳೆದು, ಶಿವರಾತ್ರಿ ಕಳೆದು, ಹೊಸ ಬ್ಯಾಚಿನ ಪರೀಕ್ಷೆಗೆ ಟೈಂಟೇಬಲ್ ಬಂತು. ಅವಳಿಗಿಂತ ನನಗೇ ಭಯವಾಗುತ್ತಿತ್ತು.

ಯುಗಾದಿ ಮುಗಿದ ವಾರ ಅವಳ ಫೋನು ಬಂತು. ನರಸೀಪುರದಲ್ಲೇ ಒಂದು ಸಣ್ಣ ಲ್ಯಾಬು, ರೈತರ ಮಣ್ಣು, ಬೋರ್‌ವೆಲ್ಲಿನ ನೀರು ಪರೀಕ್ಷೆ ಮಾಡುವಂಥದ್ದು. ಮಾಲೀಕರು ವಯಸ್ಸಾದವರು. ಅವರೂ ಅದೇ ಪ್ರಶ್ನೆ ಕೇಳಿದರಂತೆ, ಇವಳೂ ಅದೇ ಉತ್ತರ ಹೇಳಿದಳಂತೆ. ನಾಳೆಯಿಂದ ಬರುತ್ತೀರಾ ಅಂದರಂತೆ. ಸೇರಿ ಎರಡು ದಿನವಾಗಿತ್ತಂತೆ.

‘ಮತ್ತೆ ಸಂಬಳ?’

‘ಫ್ರೆಶರ್ ಸಂಬಳ. ಕಂಪ್ಯೂಟರಲ್ಲಿ ಅನುಭವ ಅನ್ನೋ ಕಡೆ ಇಲ್ಲ ಅಂತ ಹಾಕ್ಕೊಂಡ್ರು.’

‘ಇಲ್ಲ ಅಂತಾನಾ? ನೀನು ಅಷ್ಟೆಲ್ಲ ಹೇಳಿದ ಮೇಲೂ? ನೀನೇನು ಸುಮ್ನಿದ್ಯಾ?’ ನನ್ನ ದನಿ ಏರಿತ್ತು.

‘ನಾನ್ ಹೇಳೋದ ಹೇಳ್ದೆ ಕಣೆ. ಬರ್ಕೊಳದು ಬುಡದು ಅವ್ರಿಗ್ ಸೇರಿದ್ದು,’ ಅಂದಳು. ಹಿಂದೆ ಎಲ್ಲೋ ಗಾಜಿಗೆ ಗಾಜು ತಾಗಿದ ಸದ್ದು ಕೇಳಿಸಿತು. ‘ಇಡ್ತೀನಿ ಸೌಮ್ಯ, ಪಿಪೆಟ್ ತೊಳೀಬೇಕು.’